ಕಿರಿದಾದ ಕರುಳಿಗೆ ಮದ್ದು



ಇವತ್ತಿನ ಮಾತಿಗೆ ನಿಫಾಡ್‌ನಿಂದ ಬಂದ ಒಂದು ಪ್ರಶ್ನೆ ಕಾರಣ. ನಾಸಿಕದಿಂದ ಯೇವಲಾ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಸುತ್ತ ದ್ರಾಕ್ಷಿ ತೋಟಗಳು. ಈರುಳ್ಳಿಗೆ ಹೆಸರಾದ ಲಾಸಲಗಾಂವ್ ಮಾರುಕಟ್ಟೆಯೂ ಅದೇ ತಾಲ್ಲೂಕಿನದು. ವಿಜಯಪುರದ ಕಡೆಯಿಂದ ಹೋಗಿ ಅಲ್ಲಿ ನೆಲೆ ನಿಂತ ಮನೆಯೊಂದರ ಅಣ್ಣ ಕೇಳಿದ್ದು ಹೀಗೆ: “ಡಾಕ್ಟರೇ, ನಮ್ಮ ತಮ್ಮಗ ಕ್ರೋನ್ಸ್ ಅಂತ ಹೇಳ್ಯಾರ್ರಿ. ಸಣ್ಣ ಕರುಳು ಕೊನೀಗೆ ಕಿರಿದಾಗೇತಿ, ಸ್ಟ್ರಿಕ್ಚರ್ ಅಂತಾರ. ನಾಸಿಕದಾಗ ಒಬ್ಬರು ಆಪರೇಷನ್ ಮಾಡಿಸಿಬಿಡ್ರಿ ಅಂದ್ರು. ಸಂಭಾಜಿನಗರದಾಗ ಇನ್ನೊಬ್ಬರು ಮೊದಲ ಇಂಜೆಕ್ಷನ್ ಕೊಟ್ಟು ನೋಡೋಣು ಅಂದ್ರು. ಯಾರ ಮಾತ ಕೇಳೂನ್ರಿ?”

ಇಬ್ಬರು ವೈದ್ಯರೂ ಆ ಹುಡುಗನ ಒಳಿತಿಗೇ ಹೇಳಿದ್ದಾರೆ. ಯಾವ ಮಾತು ಅವನಿಗೆ ಸರಿ ಎಂಬುದನ್ನು ಅವನ ಕರುಳಿನ ಸ್ಥಿತಿ ನೋಡಿಯೇ ತೀರ್ಮಾನಿಸಬೇಕು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕರುಳು ಕಿರಿದಾಯಿತು ಎಂದ ಕೂಡಲೇ ಔಷಧಿಯ ಕೆಲಸ ಮುಗಿಯಿತು, ಇನ್ನು ಕತ್ತರಿಯೇ ಗತಿ ಎಂಬ ಹಳೆಯ ಪಾಠ ಈಗ ನಿಲ್ಲುವುದಿಲ್ಲ. ಔಷಧಿಗೂ ಒಂದು ಕಾಲವಿದೆ. ನಮ್ಮ ದೇಶದಲ್ಲಿ ಆ ಕಾಲ ಎಷ್ಟೋ ಸಲ ಬೇರೆಯದೇ ಕಾಯಿಲೆಯ ಮಾತ್ರೆ ನುಂಗುವುದರಲ್ಲಿ ಕಳೆದುಹೋಗುತ್ತದೆ.

ಕಾಯಿಲೆಯ ಪರಿಚಯ ಸ್ವಲ್ಪ ಮಾಡಿಕೊಳ್ಳೋಣ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು ಸಣ್ಣ ಕರುಳಿನ ಕೊನೆಯ ಭಾಗದ ಉರಿಯೂತವನ್ನು ಕುರಿತು ಲೇಖನ ಬರೆದರು. ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯೆಲ್ 1913ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರೂ ಹೆಸರು ಮಾತ್ರ ಕ್ರೋನ್ ಅವರದೇ ನಿಂತಿತು. 1956ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಕರುಳು ಇದೇ ಕಾಯಿಲೆಯಿಂದ ಕಟ್ಟಿಕೊಂಡಿತು. ಜಗತ್ತಿನ ಅತ್ಯುತ್ತಮ ವೈದ್ಯರು ಕೈಯಳತೆಯಲ್ಲಿದ್ದರೂ ಅವರಿಗೆ ಉಳಿದ ದಾರಿ ಒಂದೇ: ಹೊಟ್ಟೆ ಕೊಯ್ದು, ಕಟ್ಟಿಕೊಂಡ ಭಾಗವನ್ನು ಬದಿಗಿಟ್ಟು, ಕರುಳಿಗೆ ಬಳಸುದಾರಿ ಮಾಡಿದರು.

ಕರುಳು ಕಿರಿದಾಗುವುದು ಎಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಬಹಳ ಜನ ತಿಳಿಯುತ್ತಾರೆ. ದ್ರಾಕ್ಷಿ ತೋಟದವರಿಗೆ ಡ್ರಿಪ್ ಪೈಪಿನ ಅನುಭವ ಇದೆ. ಒಳಗೆ ಉಪ್ಪು ಕಟ್ಟಿದರೆ ಆಸಿಡ್ ಬಿಟ್ಟು ತೊಳೆದರಾಯಿತು, ನೀರು ಮತ್ತೆ ಹರಿಯುತ್ತದೆ. ಕರುಳಿನಲ್ಲಿ ಹಾಗಲ್ಲ. ಇಲ್ಲಿ ದಪ್ಪವಾಗುವುದು ಪೈಪಿನ ಗೋಡೆಯೇ. ತೊಳೆಯಲು ಒಳಗೆ ಕಸವಿಲ್ಲ. ಇದು ತಿಳಿಯದೆ ಹೊಟ್ಟೆ ಕಟ್ಟಿದೆ ಎಂದು ಹರಳೆಣ್ಣೆ ಕುಡಿಸುತ್ತಾರೆ, ಭೇದಿ ಮಾತ್ರೆ ಕೊಡುತ್ತಾರೆ, ರಾತ್ರಿ ಇಸಬ್‌ಗೋಲ್ ನೆನೆಸಿ ಕುಡಿಸುತ್ತಾರೆ. ಕಿರಿದಾದ ಕಿಂಡಿಯ ಹಿಂದೆ ಕರುಳು ಮೊದಲೇ ಹಿಗ್ಗಿ ತಳ್ಳಾಡುತ್ತಿರುತ್ತದೆ. ಅದರ ಮೇಲೆ ಭೇದಿ ಔಷಧಿ ಹಾಕಿದರೆ ನೋವು ಹೆಚ್ಚುತ್ತದೆ, ಕರುಳು ತೂತು ಬೀಳುವ ಅಪಾಯವೂ ಇದೆ. ಇಸಬ್‌ಗೋಲ್ ಅಂತೂ ನೀರು ಹೀರಿ ಉಬ್ಬಿ ಅಲ್ಲೇ ಕೂರಬಹುದು. ದಯವಿಟ್ಟು ಕೊಡಬೇಡಿ.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ ಹೊಕ್ಕುಳ ಸುತ್ತ ಅಥವಾ ಬಲಗಡೆ ಕೆಳಹೊಟ್ಟೆಯಲ್ಲಿ ಹಿಂಡಿದಂಥ ನೋವು ಅಲೆಅಲೆಯಾಗಿ ಬರುತ್ತದೆ. ಹೊಟ್ಟೆ ಗುಡುಗುಡು ಎನ್ನುತ್ತದೆ. ತೆಳ್ಳಗಿನವರಲ್ಲಿ ಚರ್ಮದ ಕೆಳಗೆ ಕರುಳಿನ ಉಬ್ಬು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ವಾಂತಿಯಾದರೆ ಅಥವಾ ಗಾಳಿ ಹೋದರೆ ಸ್ವಲ್ಪ ಸಮಾಧಾನ. ತಿಂದರೆ ನೋಯುತ್ತದೆ ಎಂದು ಗೊತ್ತಾದ ಮೇಲೆ ಮನುಷ್ಯ ತಿನ್ನುವುದನ್ನೇ ಬಿಡುತ್ತಾನೆ. ಎರಡು ಭಾಕರಿ ತಿನ್ನುತ್ತಿದ್ದವನು ಅರ್ಧಕ್ಕೆ ಇಳಿಯುತ್ತಾನೆ, ಮದುವೆ ಮನೆಗೆ ಹೋಗುವುದನ್ನು ತಪ್ಪಿಸುತ್ತಾನೆ, ಬೆಲ್ಟಿಗೆ ಹೊಸ ತೂತು ಹಾಕಿಸುತ್ತಾನೆ. ಮನೆಯವರು ಇದನ್ನು ಗ್ಯಾಸ್ ಎನ್ನುತ್ತಾರೆ. ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಾರೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಕ್ರೋನ್ಸ್ ಇರುವವರ ಕರುಳಿಗೆ ಒಳ್ಳೆಯದಲ್ಲ. ಕರುಳಿನ ಹುಣ್ಣನ್ನು ಅವು ಕೆರಳಿಸಬಲ್ಲವು.

ಇನ್ನು ಗೋಡೆ ದಪ್ಪವಾಗುವ ಬಗೆ. ಕ್ರೋನ್ಸ್‌ನ ಉರಿಯೂತ ಕರುಳಿನ ಒಳಪದರಕ್ಕೆ ನಿಲ್ಲುವುದಿಲ್ಲ, ಗೋಡೆಯ ಪೂರ್ತಿ ಆಳಕ್ಕೆ ಇಳಿಯುತ್ತದೆ. ಮೊದಲು ಬಾವು ಬಂದು ನೀರು ತುಂಬಿದಂತೆ ಊದಿಕೊಳ್ಳುತ್ತದೆ. ವಾಸಿಮಾಡಲು ಹೊರಟ ಜೀವಕೋಶಗಳು ಕೊಲಾಜನ್ ಎಂಬ ನಾರನ್ನು ಹೆಣೆಯುತ್ತವೆ. ಗಾಯ ಮಾಯುವುದೂ ಮರುಕಳಿಸುವುದೂ ನಡೆದಂತೆಲ್ಲ ನಾರಿನ ಮೇಲೆ ನಾರು ಕೂರುತ್ತದೆ. ಜೊತೆಗೆ ಗೋಡೆಯ ಸ್ನಾಯುವೂ ದಪ್ಪವಾಗುತ್ತದೆ. ಬಾವು, ನಾರು, ಸ್ನಾಯು ಈ ಮೂರೂ ಒಂದೇ ಜಾಗದಲ್ಲಿ ಬೇರೆಬೇರೆ ಪಾಲಿನಲ್ಲಿ ಇರುತ್ತವೆ. ‘ಇದು ಬಾವಿನ ಸ್ಟ್ರಿಕ್ಚರ್, ಅದು ನಾರಿನ ಸ್ಟ್ರಿಕ್ಚರ್’ ಎಂದು ಗೆರೆ ಎಳೆಯುವುದು ಪುಸ್ತಕದಲ್ಲಿ ಸುಲಭ, ರೋಗಿಯಲ್ಲಿ ಅಲ್ಲ. ಕರುಳನ್ನು ತೋರಿಸುವ ಸ್ಕ್ಯಾನ್, ಅಂದರೆ ಸಿ.ಟಿ. ಅಥವಾ ಎಂ.ಆರ್. ಎಂಟರೋಗ್ರಫಿ ಮಾಡಿದರೆ ಎಷ್ಟು ಸೆಂಟಿಮೀಟರ್ ಕಿರಿದಾಗಿದೆ, ಅದರ ಹಿಂದಿನ ಕರುಳು ಎಷ್ಟು ಹಿಗ್ಗಿದೆ, ಪಕ್ಕದಲ್ಲಿ ಕೀವಿನ ಗಡ್ಡೆಯಾಗಲಿ, ಗೋಡೆ ಕೊರೆದು ಹೊರಟ ಫಿಸ್ಟುಲಾ ಎಂಬ ಕಳ್ಳದಾರಿಯಾಗಲಿ ಇದೆಯೇ ಎಂಬುದು ಚೆನ್ನಾಗಿ ಕಾಣುತ್ತದೆ. ಬಾವು ಎಷ್ಟಿದೆ ಎಂಬ ಅಂದಾಜೂ ಸಿಗುತ್ತದೆ. ಒಳಗಿನ ನಾರಿನ ಪಾಲು ಎಷ್ಟು ಎಂಬುದನ್ನು ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಔಷಧಿ ಕರಗಿಸಬಲ್ಲದ್ದು ಬಾವಿನ ಪಾಲನ್ನು. ಅದು ಕರಗಿದರೆ ಕಿಂಡಿ ಕೆಲವು ಮಿಲಿಮೀಟರ್ ಅಗಲವಾಗುತ್ತದೆ. ಅನ್ನ ದಾಟಲು ಎಷ್ಟೋ ಜನರಿಗೆ ಅಷ್ಟು ಸಾಕು.

ಇಲ್ಲಿ ನಮ್ಮ ದೇಶದ ದೊಡ್ಡ ತೊಡಕು ಬರುತ್ತದೆ, ಅದು ಕ್ಷಯ. ಕರುಳಿನ ಕ್ಷಯವೂ ಹೆಚ್ಚಾಗಿ ಕೂರುವುದು ಸಣ್ಣ ಕರುಳು ಮತ್ತು ದೊಡ್ಡ ಕರುಳು ಸೇರುವ ಜಾಗದಲ್ಲೇ. ಅದೂ ಹುಣ್ಣು ಮಾಡುತ್ತದೆ, ಅದೂ ಕರುಳನ್ನು ಕಿರಿದು ಮಾಡುತ್ತದೆ, ಅದರಲ್ಲೂ ತೂಕ ಇಳಿಯುತ್ತದೆ. ಗುದದ್ವಾರದಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಕೊಲೊನೊಸ್ಕೋಪಿಯಲ್ಲಿ ಎರಡೂ ಎಷ್ಟೋ ಸಲ ಒಂದೇ ಥರ ಕಾಣುತ್ತವೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಆದ್ದರಿಂದ ವೈದ್ಯರ ಮನಸ್ಸು ಮೊದಲು ಕ್ಷಯದ ಕಡೆ ಹೋಗುವುದು ಸಹಜ. ಬಯಾಪ್ಸಿಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಹೇಗೆ ಓದಬೇಕು ಎಂಬುದರ ಬಗ್ಗೆ ವೆಲ್ಲೂರಿನ ಸಿ.ಎಂ.ಸಿ.ಯ ಅನ್ನಾ ಪುಳಿಮೂಡ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಗ್ರಾನ್ಯುಲೋಮಾ ಎಂದರೆ ಉರಿಯೂತದ ಜೀವಕೋಶಗಳ ಗಂಟು. ಕ್ಷಯದ ಗ್ರಾನ್ಯುಲೋಮಾಗಳು ದೊಡ್ಡವು, ಒಂದಕ್ಕೊಂದು ಕೂಡಿಕೊಂಡವು. ಕ್ರೋನ್ಸ್‌ನವು ಸಣ್ಣವು, ಬಿಡಿಬಿಡಿಯಾದವು. ಆದರೆ ಬಯಾಪ್ಸಿಯಲ್ಲಿ ಅವು ಸಿಗದೇ ಹೋಗುವುದೂ ಉಂಟು.

ಆಗ ಏನು ಮಾಡುತ್ತಾರೆ? ಕ್ಷಯದ ಔಷಧಿ ಶುರುಮಾಡಿ ನೋಡುತ್ತಾರೆ. ಇದು ತಪ್ಪಲ್ಲ, ಬೇರೆ ದಾರಿಯಿಲ್ಲದಾಗ ಮಾಡಲೇಬೇಕು. ಎಷ್ಟು ದಿನ ನೋಡುತ್ತಾರೆ, ಏನನ್ನು ನೋಡುತ್ತಾರೆ ಎಂಬುದೇ ಮುಖ್ಯ. ದೆಹಲಿಯ ಏಮ್ಸ್‌ನ ವಿನೀತ್ ಅಹುಜಾ ಅವರ ತಂಡ 2017ರಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಮೂರು ತಿಂಗಳ ಕ್ಷಯ ಚಿಕಿತ್ಸೆಯ ನಂತರ ಕ್ಷಯ ಇದ್ದವರಲ್ಲಿ ನೂರಕ್ಕೆ 94 ಮಂದಿ ಸುಧಾರಿಸಿದ್ದರು. ಆದರೆ ಕ್ರೋನ್ಸ್ ಇದ್ದವರಲ್ಲೂ ನೂರಕ್ಕೆ 38 ಮಂದಿ ‘ಈಗ ಆರಾಮ’ ಎಂದಿದ್ದರು! ರೋಗಿಯ ಬಾಯಿಮಾತು ನಂಬಿ ಔಷಧಿ ಮುಂದುವರಿಸಿದರೆ ಮೋಸ ಹೋಗುವುದು ಇಲ್ಲೇ. ಮತ್ತೆ ಕೊಲೊನೊಸ್ಕೋಪಿ ಮಾಡಿ ಹುಣ್ಣು ನೋಡಿದಾಗ ಗುಟ್ಟು ಬಯಲಾಯಿತು: ಕ್ಷಯದ ಹುಣ್ಣುಗಳು ಆರು ತಿಂಗಳಲ್ಲಿ ಎಲ್ಲರಲ್ಲೂ ಮಾಯ್ದಿದ್ದವು, ಕ್ರೋನ್ಸ್‌ನ ಹುಣ್ಣು ಮಾಯ್ದದ್ದು ನೂರಕ್ಕೆ ಐವರಲ್ಲಿ ಮಾತ್ರ. ಅದೇ ತಂಡ 2020ರಲ್ಲಿ ಇನ್ನೂ ಕಳವಳದ ಸಂಗತಿಯನ್ನು ಹೊರಗಿಟ್ಟಿತು. ಕ್ಷಯವೇ ಇರಬಹುದೆಂದು ಆ ಔಷಧಿ ತಿಂದ ಕ್ರೋನ್ಸ್ ರೋಗಿಗಳಲ್ಲಿ ಕರುಳು ಕಿರಿದಾಗುವ ಸಂಭವ ಹೆಚ್ಚು. ಅಂದರೆ ನಾವು ಇವತ್ತು ಮಾತಾಡುತ್ತಿರುವ ತೊಂದರೆಯ ಒಂದು ಬೇರು ಈ ತಡದಲ್ಲೇ ಇದೆ.

ಹಾಗಾಗಿ ನಿಫಾಡ್‌ನ ಆ ಅಣ್ಣನಿಗೂ, ಇಂಥದೇ ಸ್ಥಿತಿಯಲ್ಲಿರುವ ಯಾರಿಗೇ ಆದರೂ ನಾನು ಹೇಳುವುದು ಇಷ್ಟು: ಕ್ಷಯದ ಮಾತ್ರೆ ಶುರುವಾದ ತಾರೀಖನ್ನು ಫೈಲಿನ ಮೊದಲ ಪುಟದಲ್ಲಿ ಬರೆದಿಡಿ. ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೊಸ್ಕೋಪಿ ಯಾವಾಗ ಎಂದು ನೀವೇ ಕೇಳಿ. ಒಂದು ವಿಷಯ ಮಾತ್ರ ನೆನಪಿರಲಿ. ಕ್ಷಯದಿಂದಲೇ ಆದ ಸ್ಟ್ರಿಕ್ಚರ್ ಕೂಡ ಔಷಧಿಗೆ ಪೂರ್ತಿ ಬಿಚ್ಚಿಕೊಳ್ಳುವುದು ಕಡಿಮೆ. ಹುಣ್ಣು ಮಾಯ್ದರೂ ಕಿಂಡಿ ಕಿರಿದಾಗಿಯೇ ಉಳಿಯಬಹುದು. ಕಿಂಡಿ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ಷಯವಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ, ಹುಣ್ಣನ್ನೇ ನೋಡಬೇಕು.

ಕ್ರೋನ್ಸ್ ಎಂಬುದು ಖಚಿತವಾಯಿತು, ಕರುಳು ಕಟ್ಟಿಕೊಂಡು ರೋಗಿ ಆಸ್ಪತ್ರೆಗೆ ಬಂದ ಎನ್ನಿ. ಮೊದಲು ಬಾಯಿಗೆ ಏನೂ ಕೊಡದೆ ಡ್ರಿಪ್ ಹಚ್ಚುತ್ತಾರೆ, ವಾಂತಿ ಜೋರಾಗಿದ್ದರೆ ಮೂಗಿನಿಂದ ನಳಿಕೆ ಇಳಿಸುತ್ತಾರೆ, ಸ್ಕ್ಯಾನ್ ಮಾಡಿ ಕೀವು ಇಲ್ಲ ಎಂದು ಖಾತ್ರಿ ಮಾಡಿಕೊಂಡು ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಬಾವಿನ ಪಾಲು ಹೆಚ್ಚಿದ್ದರೆ ಕೆಲವೇ ದಿನಗಳಲ್ಲಿ ಹೊಟ್ಟೆ ಇಳಿಯುತ್ತದೆ, ಗಾಳಿ ಹೋಗುತ್ತದೆ, ಗಂಜಿ ಒಳಗೆ ನಿಲ್ಲುತ್ತದೆ. ಮನೆಯವರಿಗೆ ಕಾಯಿಲೆಯೇ ಹೋಯಿತೆಂಬ ಸಂತೋಷ. ಸ್ಟೀರಾಯ್ಡ್ ಮಾಡುವುದು ಅಷ್ಟೇ, ಅದು ಕಾಯಿಲೆಯನ್ನು ಹಿಡಿದಿಡುವುದಿಲ್ಲ. ತಿಂಗಳುಗಟ್ಟಲೆ ತಿಂದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಮೆಡಿಕಲ್‌ನಲ್ಲಿ ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್ ತಂದು ತಿನ್ನುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಬಿಡುವಿನಲ್ಲಿ ಮುಂದಿನ ಔಷಧಿಗೆ ಅಣಿಯಾಗಬೇಕು.

ಮುಂದಿನ ಔಷಧಿ ಎಂದರೆ ಮುಖ್ಯವಾಗಿ ಟಿ.ಎನ್.ಎಫ್. ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಇಂಜೆಕ್ಷನ್‌ಗಳು: ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಅಡಲಿಮ್ಯುಮ್ಯಾಬ್. ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಕ್ರೋನ್ಸ್‌ಗಾಗಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಬಂದ ಹೊಸದರಲ್ಲಿ ವೈದ್ಯರಿಗೆ ಒಂದು ಹೆದರಿಕೆ ಇತ್ತು. ಹುಣ್ಣು ಅತಿ ಬೇಗ ಮಾಯುವುದರಿಂದಲೇ ನಾರುಗಟ್ಟಿ ಕರುಳು ಇನ್ನಷ್ಟು ಬಿಗಿಯಬಹುದು ಎಂದು ಸ್ಟ್ರಿಕ್ಚರ್ ಇದ್ದವರಿಗೆ ಕೊಡಲು ಹಿಂಜರಿಯುತ್ತಿದ್ದರು. ಅಮೆರಿಕದ ದೊಡ್ಡ ರೋಗಿ ದಾಖಲೆಯೊಂದನ್ನು ಪರಿಶೀಲಿಸಿ ಗ್ಯಾರಿ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು 2006ರಲ್ಲಿ ಆ ಭಯಕ್ಕೆ ಆಧಾರವಿಲ್ಲ ಎಂದು ತೋರಿಸಿದರು. ಕರುಳು ಕಿರಿದಾಗುವುದಕ್ಕೆ ಕಾಯಿಲೆ ಎಷ್ಟು ಹಳೆಯದು, ಎಷ್ಟು ತೀವ್ರ ಎಂಬುದು ಕಾರಣವಾಗಿತ್ತೇ ಹೊರತು ಈ ಔಷಧಿಯಲ್ಲ.

ಆಮೇಲೆ ಬಂದದ್ದು ಫ್ರಾನ್ಸಿನ ಕ್ರಿಯೋಲ್ ಅಧ್ಯಯನ. ಯೋರಾಮ್ ಬೂನಿಕ್ ಅವರ ಮುಂದಾಳತ್ವದಲ್ಲಿ, ಸಣ್ಣ ಕರುಳು ಕಿರಿದಾಗಿ ನೋವು ಅನುಭವಿಸುತ್ತಿದ್ದ 97 ಮಂದಿಗೆ ಅಡಲಿಮ್ಯುಮ್ಯಾಬ್ ಕೊಟ್ಟರು. 24 ವಾರಗಳ ಹೊತ್ತಿಗೆ ನೂರಕ್ಕೆ 64 ಮಂದಿಯಲ್ಲಿ ಚಿಕಿತ್ಸೆ ಫಲ ಕೊಟ್ಟಿತ್ತು. ನಾಲ್ಕು ವರ್ಷ ಕಳೆದಾಗ ಒಟ್ಟು ಗುಂಪಿನಲ್ಲಿ ಅರ್ಧದಷ್ಟು ಜನರಿಗೆ ಕರುಳು ಕತ್ತರಿಸುವ ಶಸ್ತ್ರಕ್ರಿಯೆ ಬೇಕಾಗಿರಲಿಲ್ಲ. ಇನ್ನರ್ಧ ಜನಕ್ಕೆ ಬೇಕಾಯಿತು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಈ ಅಧ್ಯಯನದಲ್ಲಿ ನನಗೆ ಹೆಚ್ಚು ಬೆಲೆಯದ್ದಾಗಿ ಕಂಡದ್ದು ಶೇಕಡಾವಾರು ಲೆಕ್ಕವಲ್ಲ, ಯಾರಿಗೆ ಫಲ ಸಿಗುತ್ತದೆ ಎಂದು ಮುಂಚೆಯೇ ಊಹಿಸಲು ಅವರು ಕೊಟ್ಟ ಗುರುತುಗಳು. ನೋವು ಶುರುವಾಗಿ ಐದು ವಾರ ಮೀರಿರಬಾರದು. ಕಿರಿದಾದ ಭಾಗ 12 ಸೆಂಟಿಮೀಟರಿಗಿಂತ ಗಿಡ್ಡವಿರಬೇಕು. ಅದರ ಹಿಂದಿನ ಕರುಳು ಹಿಗ್ಗಿದ್ದರೂ 30 ಮಿಲಿಮೀಟರಿನ ಒಳಗಿರಬೇಕು. ಫಿಸ್ಟುಲಾ ಇರಬಾರದು. ಇಂಥ ಗುರುತುಗಳು ಕೂಡಿದಷ್ಟೂ ಇಂಜೆಕ್ಷನ್‌ನ ಆಸೆ ಹೆಚ್ಚು. ಎಲ್ಲವೂ ತಿರುವುಮುರುವಾಗಿದ್ದರೆ ಇಂಜೆಕ್ಷನ್ ಹೆಸರಿನಲ್ಲಿ ತಿಂಗಳು ದೂಡುವುದಕ್ಕಿಂತ ಶಸ್ತ್ರಕ್ರಿಯೆಯೇ ಮೇಲು. ಆ ಅಣ್ಣನ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಇಲ್ಲೇ ಇದೆ. ತಮ್ಮನ ಎಂ.ಆರ್. ವರದಿಯಲ್ಲಿ ಈ ಅಳತೆಗಳು ಬರೆದಿರುತ್ತವೆ. ಅದನ್ನು ಮುಂದಿಟ್ಟು ಇಬ್ಬರು ವೈದ್ಯರನ್ನೂ ಫೋನಿನಲ್ಲಾದರೂ ಮಾತಾಡಿಸಿ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೈಕೆಲ್ ಕ್ಯಾಮ್ ಅವರ ತಂಡ 2022ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. 77 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲು ಪ್ರಮಾಣದ ಅಡಲಿಮ್ಯುಮ್ಯಾಬ್, ಇನ್ನೊಂದಕ್ಕೆ ಹೆಚ್ಚು ಪ್ರಮಾಣದ ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಜಾತಿಯ ಮಾತ್ರೆ ಕೊಟ್ಟರು. ವರ್ಷದ ಕೊನೆಗೆ ಮಾಮೂಲು ಗುಂಪಿನಲ್ಲಿ ನೂರಕ್ಕೆ 64, ಜೋರು ಚಿಕಿತ್ಸೆಯ ಗುಂಪಿನಲ್ಲಿ 79 ಮಂದಿಯ ನೋವು ಇಳಿದಿತ್ತು. ಎರಡರ ನಡುವಿನ ವ್ಯತ್ಯಾಸ ಲೆಕ್ಕದ ಕಟ್ಟುನಿಟ್ಟಿಗೆ ನಿಲ್ಲುವಷ್ಟು ದೊಡ್ಡದಲ್ಲ. ಆದರೆ ಎರಡೂ ಗುಂಪಿನಲ್ಲಿ ಬಹುಪಾಲು ಜನ ಸುಧಾರಿಸಿದರಲ್ಲ, ಹಳೆಯ ಪಾಠವನ್ನು ಬದಲಿಸಿದ್ದು ಅದು.

ನಾರಿನ ಪಾಲನ್ನು ಕರಗಿಸುವ ಔಷಧಿ ಬಂದಿಲ್ಲವೇ ಎಂದು ಕೇಳಬಹುದು. ಶ್ವಾಸಕೋಶ ನಾರುಗಟ್ಟುವ ಕಾಯಿಲೆಗೆ ಪಿರ್ಫೆನಿಡೋನ್, ನಿಂಟೆಡನಿಬ್ ಎಂಬ ಎರಡು ಔಷಧಿಗಳಿಗೆ 2014ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಕರುಳಿಗೆ ಅಂಥದ್ದು ಪ್ರಯೋಗದ ಹಂತದಲ್ಲಿದೆ, ಅಂಗಡಿಗೆ ಬಂದಿಲ್ಲ. ಬಂದಿದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಟಿ.ಎನ್.ಎಫ್. ತಡೆಯುವ ಇಂಜೆಕ್ಷನ್‌ಗೆ ಮೊದಲು ಮತ್ತೆ ಕ್ಷಯದ ಮಾತು. ಟಿ.ಎನ್.ಎಫ್. ನಮ್ಮ ದೇಹದಲ್ಲಿ ಮಲಗಿರುವ ಕ್ಷಯದ ರೋಗಾಣುವನ್ನು ಕಟ್ಟಿಹಾಕಿ ಇಟ್ಟಿರುತ್ತದೆ. ಅದನ್ನು ತಡೆದರೆ ಕ್ಷಯ ಎದ್ದು ಕೂರಬಹುದು. ಅದಕ್ಕೇ ಎದೆಯ ಎಕ್ಸ್‌ರೇ, ಮಾಂಟೂ ಚರ್ಮಪರೀಕ್ಷೆ, ಇಗ್ರಾ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಮಲಗಿದ ಕ್ಷಯದ ಸುಳಿವು ಸಿಕ್ಕರೆ ಮೊದಲು ಅದಕ್ಕೆ ಮಾತ್ರೆ ಶುರುಮಾಡಿ, ಕನಿಷ್ಠ ಒಂದು ತಿಂಗಳಾದರೂ ಕಳೆದ ಮೇಲೆ ಇಂಜೆಕ್ಷನ್ ಕೊಡುವುದು ವಾಡಿಕೆ. ಪರೀಕ್ಷೆ ಸರಿಯಾಗಿ ಬಂದವರಿಗೂ ನಮ್ಮಲ್ಲಿ ಮುಂದೆ ಕ್ಷಯ ತಗಲಬಹುದು. ಸಂಜೆ ಜ್ವರ, ರಾತ್ರಿ ಬೆವರು, ಬಿಡದ ಕೆಮ್ಮು ಕಂಡರೆ ಮುಂದಿನ ಇಂಜೆಕ್ಷನ್ ತಡೆದು ವೈದ್ಯರಿಗೆ ತೋರಿಸಿ. ಅಜಥಯೋಪ್ರಿನ್ ಜೊತೆಗಿದ್ದರೆ ಮೊದಲ ವಾರಗಳಲ್ಲಿ ಬಿಳಿರಕ್ತಕಣಗಳ ಎಣಿಕೆ ಮೇಲಿಂದ ಮೇಲೆ ಮಾಡಿಸಬೇಕು. ನಮ್ಮ ಜನರಲ್ಲಿ ಕೆಲವರಿಗೆ ಎನ್‌.ಯು.ಡಿ.ಟಿ.15 ಎಂಬ ಜೀನಿನ ವ್ಯತ್ಯಾಸದಿಂದ ಆ ಕಣಗಳು ದಿಢೀರನೆ ಕುಸಿಯುತ್ತವೆ.

ಅಡಲಿಮ್ಯುಮ್ಯಾಬ್ ಮನೆಯಲ್ಲೇ ಚುಚ್ಚಿಕೊಳ್ಳುವ ಔಷಧಿ. ಸಿರಿಂಜ್ ಮೊದಲೇ ತುಂಬಿ ಬರುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಟ್ಟು ಹೆಪ್ಪುಗಟ್ಟಿಸಬಾರದು. ನಾಸಿಕದಿಂದ ತರುವಾಗ ಐಸ್ ಪ್ಯಾಕ್ ಇರುವ ಡಬ್ಬಿ ಬೇಕು, ಬಸ್ಸಿನ ಬಿಸಿಲು ಕಿಟಕಿಯ ಪಕ್ಕ ಇಡಬಾರದು. ಚುಚ್ಚುವ ಮೊದಲು ಅರ್ಧ ಗಂಟೆ ಹೊರಗಿಟ್ಟರೆ ಉರಿ ಕಡಿಮೆ. ಹೊಕ್ಕುಳಿನಿಂದ ಎರಡು ಇಂಚಿನಷ್ಟಾದರೂ ದೂರ ಅಥವಾ ತೊಡೆಯ ಮುಂಭಾಗದಲ್ಲಿ ಚರ್ಮ ಹಿಡಿದೆತ್ತಿ ಚುಚ್ಚಬೇಕು, ಪ್ರತಿ ಸಲ ಜಾಗ ಬದಲಿಸಬೇಕು. ಖರ್ಚಿನ ವಿಷಯ: 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಜಗತ್ತಿನ ಮೊದಲ ಅಡಲಿಮ್ಯುಮ್ಯಾಬ್ ಬಯೋಸಿಮಿಲರನ್ನು, ಅಂದರೆ ಮೂಲ ಔಷಧಿಯನ್ನು ಹೋಲುವ ಔಷಧಿಯನ್ನು, ನಮ್ಮ ದೇಶದಲ್ಲಿ ಬಿಡುಗಡೆ ಮಾಡಿತು. ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು. ಆದರೂ ತೋಟದ ಕೂಲಿಯ ಮನೆಗೆ ಇದು ಇನ್ನೂ ಭಾರವೇ. ಸರಕಾರದ ಆರೋಗ್ಯ ಯೋಜನೆಗಳು ಆಪರೇಷನ್ನಿನ ಜೊತೆಗೆ ಇಂಥ ಔಷಧಿಯ ಖರ್ಚನ್ನೂ ಪೂರ್ತಿ ಹೊರಬೇಕು ಎಂಬುದು ನನ್ನ ಒತ್ತಾಯ.

ಊಟದ ಮಾತು ಚಿಕ್ಕದಾಗಿ. ಕಿಂಡಿ ಕಿರಿದಿರುವಷ್ಟು ದಿನ ಪೇರಲದ ಬೀಜ, ಮೆಕ್ಕೆಜೋಳದ ಕಾಳು, ಹಸಿ ಕೊಬ್ಬರಿ, ಕಿತ್ತಳೆಯ ನಾರು, ನುಗ್ಗೆಕಾಯಿಯ ಸಿಪ್ಪೆ, ಒಣದ್ರಾಕ್ಷಿ ಬೇಡ. ಹಾಗೆಂದು ತರಕಾರಿಯನ್ನೇ ಬಿಟ್ಟರೆ ದೇಹ ಸೊರಗುತ್ತದೆ. ಸಿಪ್ಪೆ ಬೀಜ ತೆಗೆದು ಮೆತ್ತಗೆ ಬೇಯಿಸಿ ಮಸೆದ ಕುಂಬಳ, ಸೋರೆ, ಗಜ್ಜರಿ, ತೊಗರಿಬೇಳೆಯ ಕಟ್ಟು, ಮೆತ್ತನೆಯ ಅನ್ನ, ಮೊಸರು ಒಗ್ಗುವವರಿಗೆ ಮೊಸರು, ಮೊಟ್ಟೆ ಇರಲಿ. ಸ್ವಲ್ಪ ಸ್ವಲ್ಪ, ಹಲವು ಸಲ, ಅಗಿದು ತಿನ್ನಬೇಕು. ಬೀಡಿ ಸಿಗರೇಟು ಬಿಡಲೇಬೇಕು, ಕ್ರೋನ್ಸ್‌ಗೆ ಅದು ನೇರ ಶತ್ರು. ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಗಾಳಿಯೂ ಹೋಗದಿರುವುದು, ಜ್ವರ ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಔಷಧಿ ಸೋತರೆ? ಕಿರಿದಾದ ಭಾಗ 5 ಸೆಂಟಿಮೀಟರಿನೊಳಗಿದ್ದು ನೇರವಾಗಿದ್ದರೆ ಕೊಲೊನೊಸ್ಕೋಪಿನಿಂದ ಬಲೂನ್ ಹಾಕಿ ಹಿಗ್ಗಿಸಬಹುದು, ಕೆಲವರಿಗೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ದೊಡ್ಡ ಕರುಳಿನಲ್ಲಿ ಕಿರಿದಾಗಿದ್ದರೆ ಅಲ್ಲಿ ಕ್ಯಾನ್ಸರ್ ಅಡಗಿಲ್ಲ ಎಂದು ಬಯಾಪ್ಸಿಯಿಂದ ಖಾತ್ರಿ ಮಾಡಿಕೊಳ್ಳಬೇಕು. ಕರುಳನ್ನು ತೆಗೆಯದೆ, ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಕಿಂಡಿ ಅಗಲ ಮಾಡುವ ಸ್ಟ್ರಿಕ್ಚರೊಪ್ಲಾಸ್ಟಿ ಎಂಬ ವಿಧಾನವಿದೆ. ಇದರ ಮೂಲ ನಮ್ಮ ದೇಶದ್ದು. ಕರುಳಿನ ಕ್ಷಯದ ಸ್ಟ್ರಿಕ್ಚರ್‌ಗಳಿಗೆ ಕಟಾರಿಯಾ ಮತ್ತು ಸಂಗಡಿಗರು ಇದನ್ನು ಮಾಡಿ 1977ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬರೆದರು. ಅದರ ಬೆನ್ನಿಗೆ ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ ಅದನ್ನು ಕ್ರೋನ್ಸ್ ರೋಗಿಗಳಲ್ಲಿ ಬಳಸಿ 1982ರಲ್ಲಿ ಪ್ರಕಟಿಸಿದರು. ಹತ್ತಾರು ಕಡೆ ಕಿರಿದಾದ ಕರುಳನ್ನು ಕತ್ತರಿಸುತ್ತ ಹೋದರೆ ಉಳಿಯುವುದೇನು ಎಂಬ ಚಿಂತೆಗೆ ಕ್ಷಯದ ನಾಡಿನ ಶಸ್ತ್ರವೈದ್ಯರು ಕಂಡುಕೊಂಡ ದಾರಿ ಇಡೀ ಜಗತ್ತಿಗೆ ಒದಗಿತು.

ಆಪರೇಷನ್ ಆದ ಮೇಲೂ ಔಷಧಿಯ ಕೆಲಸ ಇರುತ್ತದೆ. ಹೊಲಿಗೆ ಹಾಕಿದ ಜಾಗದಲ್ಲೇ ಕಾಯಿಲೆ ಮರಳುವುದು ಹೆಚ್ಚು, ಅದೂ ಯಾವ ನೋವೂ ಕೊಡದೆ. ಆದ್ದರಿಂದ ಆರಾಮವಾಗಿದ್ದೇನೆ ಎನ್ನಿಸಿದರೂ ಆರು ತಿಂಗಳಿಗೆ ಒಂದು ಕೊಲೊನೊಸ್ಕೋಪಿ ಮಾಡಿಸಿ, ಅಲ್ಲಿ ಕಂಡದ್ದನ್ನು ನೋಡಿಕೊಂಡು ಔಷಧಿ ಏರಿಸಬೇಕೇ ಎಂದು ನಿರ್ಧರಿಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖು ಬರೆದಿದೆಯೇ ನೋಡಿ. ಬರೆಯದಿದ್ದರೆ ಆಸ್ಪತ್ರೆ ಬಿಡುವ ಮೊದಲೇ ಕೇಳಿ ಬರೆಸಿಕೊಳ್ಳಿ.